ಎಸ್‌ಎಸ್‌ಡಿ ಮತ್ತು ಸ್ವಾಪ್: ನಾನು ಬರೆದದ್ದು ತಪ್ಪಿತ್ತು

‘ಎಸ್‌ಎಸ್‌ಡಿ ಹಾಕಿದ ಲಿನಕ್ಸ್‌ನಲ್ಲಿ ಸ್ವಾಪ್ ಇಡಬೇಡಿ, ವರ್ಷದೊಳಗೆ ಡ್ರೈವ್ ಹಾಳಾಗುತ್ತದೆ.’ ಉಡುಪಿ, ಮಣಿಪಾಲದ ಗ್ರೂಪ್‌ಗಳಲ್ಲಿ ಓಡಾಡುತ್ತಿರುವ ಈ ಮೆಸೇಜ್ ಬರೆದವನು ನಾನೇ. ಅದು ತಪ್ಪು. ಕ್ಷಮಿಸಿ. (ಸ್ವಾಪ್ ಅಂದರೆ ರ‍್ಯಾಮ್ ಸಾಲದಾದಾಗ ಲಿನಕ್ಸ್ ಬಳಸಿಕೊಳ್ಳುವ ಡ್ರೈವ್‌ನ ಜಾಗ. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್; ಅದರಲ್ಲಿ ಬರೆದಷ್ಟೂ ಅದು ಸವೆಯುತ್ತದೆ, ಅದಕ್ಕೇ ಆ ಭಯ.)

ಲೆಕ್ಕ ನೋಡಿ. ಸ್ಯಾಮ್‌ಸಂಗ್ 870 ಇವೊ 500 ಜಿಬಿ ಡ್ರೈವ್‌ಗೆ ಕಂಪನಿ ಹೇಳುವ ವಾರಂಟಿ ಮಿತಿ ಒಟ್ಟು 300 ಟಿಬಿ (1 ಟಿಬಿ = 1000 ಜಿಬಿ) ಡೇಟಾ ಬರೆಯುವುದು. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ ಆಗುವುದು 7.3 ಟಿಬಿ. ಆ ಮಿತಿ ಮುಟ್ಟಲು ಸುಮಾರು 41 ವರ್ಷ ಬೇಕು! ಮನೆಯ ಡೆಸ್ಕ್‌ಟಾಪ್‌ನಲ್ಲಿ ಸ್ವಾಪ್‌ಗೆ ಅಷ್ಟು ಜಾಸ್ತಿ ಹೋಗುವುದೇ ಅಪರೂಪ ಅಲ್ವಾ?

ಸ್ವಾಪ್ ತೆಗೆದರೇ ತೊಂದರೆ. ರ‍್ಯಾಮ್ ತುಂಬಿದಾಗ ನೀವು ಕೆಲಸ ಮಾಡುತ್ತಿರುವ ಪ್ರೋಗ್ರಾಮನ್ನೇ ಕರ್ನಲ್ (ಲಿನಕ್ಸ್‌ನ ಮೂಲ ಭಾಗ) ನಿಲ್ಲಿಸಿಬಿಡಬಹುದು. ಹೈಬರ್ನೇಟ್ (ತೆರೆದ ಕೆಲಸವನ್ನು ಡ್ರೈವ್‌ನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಮಾಡುವುದು) ಕೂಡ ಆಗುವುದಿಲ್ಲ.

ಹಳೆಯ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನನ್ನ ಮಾತು ನಂಬಿ ಸ್ವಾಪ್ ತೆಗೆದವರು ಮತ್ತೆ ಹಾಕಿಕೊಳ್ಳಿ.