ಗುದ್ದಲಿ ಕೆಳಗಿಡಿ, ಆಮೇಲೆ ಪೋಸ್ಟ್‌ಡಾಕ್ ಅರ್ಜಿ ಬರೆಯಿರಿ

ಪುರಾತತ್ವದಲ್ಲಿ ಪಿಎಚ್‌ಡಿ ಮುಗಿಸಿದವರು, ಇನ್ನೇನು ಮುಗಿಸಲಿರುವವರು ತಮ್ಮ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಪ್ರೊಪೋಸಲ್ ಒಮ್ಮೆ ನೋಡಿಕೊಡಿ ಅಂತ ಇನ್‌ಬಾಕ್ಸಿಗೆ ಕಳಿಸುತ್ತಿರುತ್ತಾರೆ. ನೋಡುತ್ತೇನೆ, ಬೇಜಾರಿಲ್ಲ. ಆದರೆ ಬರುವ ಕರಡುಗಳಲ್ಲಿ ಬಹುಪಾಲು ಒಂದೇ ಆಸೆಯ ಸುತ್ತ ಗಿರಕಿ ಹೊಡೆಯುತ್ತವೆ: ಫೆಲೋಶಿಪ್ ಸಿಕ್ಕರೆ ಹೊಸ ನೆಲೆಯೊಂದನ್ನು ಅಗೆಯುತ್ತೇನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಅದೇ ಉತ್ತರ ಬರೆದು ಸಾಕಾಗಿದೆ, ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ. ಎರಡು ವರ್ಷದ ಫೆಲೋಶಿಪ್ಪಿಗೆ ಉತ್ಖನನದ ಯೋಜನೆ ಹಾಕಬೇಡಿ. ಕೋಪ ಬಂದರೆ ಬರಲಿ, ಪೂರ್ತಿ ಓದಿ ಆಮೇಲೆ ಬೈಯಿರಿ.

ಲೆಕ್ಕ ಹಾಕಿ ನೋಡಿ. ಅನುಮತಿ ಪತ್ರ ಯಾವ ತಿಂಗಳು ಕೈಗೆ ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಬಂದರೂ ಅಗೆಯಲು ಸಿಗುವುದು ವರ್ಷಕ್ಕೊಂದು ಸೀಸನ್, ಕೆಲವು ವಾರ. ಅಗೆದದ್ದನ್ನು ತೊಳೆದು, ನಂಬರ್ ಬರೆದು, ಚಿತ್ರ ತೆಗೆದು, ವಿಂಗಡಿಸುವ ಹೊತ್ತಿಗೆ ಮೊದಲ ವರ್ಷ ಹೋಯಿತು. ಸ್ಯಾಂಪಲ್ ಹೊರದೇಶದ ಲ್ಯಾಬಿಗೆ ಹೋಗಬೇಕಾದರೆ ಅದಕ್ಕೆ ಇನ್ನೊಂದು ಅನುಮತಿ, ಲ್ಯಾಬಿನಲ್ಲಿ ಇನ್ನೊಂದು ಸರತಿ. ಫಲಿತಾಂಶ ಬರುವಾಗ ನೀವು ಮುಂದಿನ ಕೆಲಸಕ್ಕೆ ಅರ್ಜಿ ಹಾಕುತ್ತಿರುತ್ತೀರಿ, ಅದೂ ಹೊಸ ಪೇಪರ್ ಒಂದೂ ಇಲ್ಲದೆ. ಆಯ್ಕೆ ಸಮಿತಿಯಲ್ಲಿ ಕೂತವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಅವರಲ್ಲೇ ಎಷ್ಟೋ ಜನರ ಸ್ವಂತ ಉತ್ಖನನದ ವರದಿ ಇನ್ನೂ ಅಚ್ಚಿಗೆ ಹೋಗಿರುವುದಿಲ್ಲ! ನಿಮ್ಮ ವೇಳಾಪಟ್ಟಿಯಲ್ಲಿ ‘ಮೂರನೇ ತಿಂಗಳು: ಉತ್ಖನನ ಆರಂಭ’ ಅಂತ ಕಂಡ ಕೂಡಲೇ ಅವರು ಮುಗುಳ್ನಕ್ಕು ಅಂಕ ಕಳೆಯುತ್ತಾರೆ.

ಹಾಗಾದರೆ ಏನು ಬರೆಯುವುದು? ಈಗಾಗಲೇ ಅಗೆದು ಇಟ್ಟಿರುವುದನ್ನು. ಪ್ರಪಂಚದ ಮ್ಯೂಸಿಯಂ, ಇಲಾಖೆ, ವಿಶ್ವವಿದ್ಯಾಲಯಗಳ ಗೋದಾಮುಗಳಲ್ಲಿ ಯಾರೂ ಸರಿಯಾಗಿ ನೋಡದ ಪೆಟ್ಟಿಗೆಗಳು ರಾಶಿ ಬಿದ್ದಿವೆ. ‘ಗುರುತಿಸಲಾಗದ ಮೂಳೆ’ ಅಂತ ಚೀಟಿ ಅಂಟಿಸಿ ಕಟ್ಟಿಟ್ಟ ಚೀಲವನ್ನೇ ತೆಗೆದುಕೊಳ್ಳಿ. ಕುರಿ ಮತ್ತು ಮೇಕೆಯ ಮೂಳೆ ಚೂರುಗಳನ್ನು ಕಣ್ಣಿನಿಂದ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ, ಅದಕ್ಕೇ ಹಳೆ ವರದಿಗಳಲ್ಲಿ ‘ಕುರಿ/ಮೇಕೆ’ ಅಂತ ಒಂದೇ ಕಾಲಂ ಇರುತ್ತದೆ. ಈಗ ಝೂಎಂಎಸ್ ಅನ್ನುವ ವಿಧಾನ ಇದೆ. ಮೂಳೆಯ ಕೊಲಾಜೆನ್ ಪ್ರೋಟೀನನ್ನು ತುಂಡರಿಸಿ, ಆ ತುಂಡುಗಳ ತೂಕ ನೋಡಿ ಪ್ರಾಣಿ ಯಾವುದೆಂದು ಹೇಳುತ್ತಾರೆ. ಕುರಿಗೂ ಮೇಕೆಗೂ ಅಲ್ಲಿ ವ್ಯತ್ಯಾಸ ಸಿಗುತ್ತದೆ. ಡಿಎನ್‌ಎ ಪರೀಕ್ಷೆಗೆ ಹೋಲಿಸಿದರೆ ಖರ್ಚು ತೀರಾ ಕಡಿಮೆ, ಬೇಕಾದ ಮೂಳೆಯೂ ಚಿಟಿಕೆಯಷ್ಟು. ಒಂದು ಗೋದಾಮಿನ ಹಳೆ ಚೀಲಗಳಿಂದಲೇ, ಒಂದು ಊರಿನವರು ಯಾವ ಶತಮಾನದಲ್ಲಿ ಕುರಿಯಿಂದ ಮೇಕೆಗೆ ಹೊರಳಿದರು ಅನ್ನುವ ಪ್ರಶ್ನೆಗೆ ಎರಡು ವರ್ಷದಲ್ಲಿ ಉತ್ತರ ಹುಡುಕಬಹುದು. ಇದು ಮುಗಿಯುವ ಯೋಜನೆ. ಸಮಿತಿಗೆ ಬೇಕಾದದ್ದು ಅದೇ.

ಗೋದಾಮಿಗೂ ಹೋಗಲಾಗದವರಿಗೆ ಆಕಾಶ ಇದೆ. ಅಮೆರಿಕದ ಬೇಹುಗಾರಿಕೆ ಉಪಗ್ರಹ ಕರೋನಾ 1960ರಿಂದ 1972ರವರೆಗೆ ತೆಗೆದ ಚಿತ್ರಗಳ ಗೌಪ್ಯತೆಯನ್ನು 1995ರಲ್ಲಿ ತೆಗೆದುಹಾಕಿದರು. ಆಮೇಲೆ ಕಟ್ಟಿದ ಅಣೆಕಟ್ಟುಗಳಲ್ಲಿ ಮುಳುಗಿದ, ಟ್ರ್ಯಾಕ್ಟರ್ ಉಳುಮೆಗೆ ಸಿಕ್ಕಿ ಸಮತಟ್ಟಾದ ಹಳೆ ಊರುಗಳ ದಿಬ್ಬಗಳು ಅವುಗಳಲ್ಲಿ ಇನ್ನೂ ಕಾಣುತ್ತವೆ. 2011ರ ನಂತರ ಸಿರಿಯಾದಲ್ಲಿ ಅಗೆತ ನಿಂತಾಗ ಅಲ್ಲಿ ಕೆಲಸ ಮಾಡುತ್ತಿದ್ದ ಎಷ್ಟೋ ಜನ ಇಂಥ ಚಿತ್ರಗಳತ್ತ, ಹಳೆ ದಾಖಲೆಗಳತ್ತ ತಿರುಗಿದರು. 2015ರಲ್ಲಿ ಶುರುವಾದ ಈಮೆನಾ ಯೋಜನೆಯಂತೂ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಅಪಾಯದಲ್ಲಿರುವ ನೆಲೆಗಳನ್ನು ಹೆಚ್ಚಾಗಿ ಉಪಗ್ರಹ ಚಿತ್ರ ನೋಡಿಯೇ ದಾಖಲಿಸುತ್ತಾ ಬಂದಿದೆ. ಅದನ್ನು ಕಡಿಮೆ ದರ್ಜೆಯ ಪುರಾತತ್ವ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಕರಡಿನ ಮೊದಲ ಸಾಲು. ‘ಈ ಪ್ರದೇಶದಲ್ಲಿ ಇದುವರೆಗೆ ಹೆಚ್ಚಿನ ಸಂಶೋಧನೆ ನಡೆದಿಲ್ಲ’ ಅಂತ ಶುರುವಾಗುವ ಪ್ರೊಪೋಸಲ್ ಓದಿ ಓದಿ ನನಗೆ ಆ ವಾಕ್ಯ ಬಾಯಿಪಾಠವಾಗಿದೆ. ನಡೆದಿಲ್ಲ, ಸರಿ. ನಡೆಯದೇ ಇದ್ದರೆ ಯಾರಿಗೇನು ನಷ್ಟ? ಸಂಶೋಧನೆ ನಡೆಯದ ಜಾಗಗಳು ಭೂಮಿ ತುಂಬಾ ಇವೆ. ಅದೇ ಕರಡನ್ನು ಹೀಗೆ ತೆರೆಯಬಹುದಿತ್ತು: ‘ಈ ಕಣಿವೆಯ ದನಗಾಹಿಗಳು ಬೇಸಿಗೆಯಲ್ಲಿ ಬೆಟ್ಟ ಹತ್ತುತ್ತಿದ್ದರು ಎಂಬ ವಾದ ಮಡಕೆಗಳ ಹೋಲಿಕೆಯ ಮೇಲೆ ಮಾತ್ರ ನಿಂತಿದೆ. ಅದೇ ನೆಲೆಗಳ ದನದ ಹಲ್ಲುಗಳಲ್ಲಿನ ಸ್ಟ್ರಾನ್ಷಿಯಂ ಐಸೋಟೋಪ್ ಅಳೆದು ಆ ವಾದವನ್ನು ಪರೀಕ್ಷೆಗೆ ಒಡ್ಡುತ್ತೇನೆ.’ ಹಲ್ಲಿನ ಎನಾಮೆಲ್ ಬೆಳೆಯುವಾಗ ದನ ಮೇಯ್ದ ನೆಲದ ಗುರುತು ಅದರಲ್ಲಿ ಉಳಿಯುತ್ತದೆ, ಹಲ್ಲಿನ ಉದ್ದಕ್ಕೂ ಸಾಲಾಗಿ ಸ್ಯಾಂಪಲ್ ತೆಗೆದರೆ ತಿಂಗಳುಗಳ ಓಡಾಟವೇ ಸಿಗುತ್ತದೆ. ಈ ಎರಡು ವಾಕ್ಯದಲ್ಲಿ ಜಗಳ ಏನು, ಸಾಮಗ್ರಿ ಎಲ್ಲಿದೆ, ಹೇಗೆ ಬಗೆಹರಿಸುತ್ತೀರಿ ಎಲ್ಲವೂ ಬಂತು. ಉತ್ತರ ‘ಇಲ್ಲ, ದನಗಳು ಎಲ್ಲೂ ಹೋಗಲಿಲ್ಲ’ ಅಂತ ಬಂದರೂ ಪೇಪರ್ ಆಗುತ್ತದೆ. ಹಾಗೆ ಎರಡೂ ಕಡೆ ಬೀಳಬಹುದಾದ ಪ್ರಶ್ನೆ ಇಟ್ಟುಕೊಂಡವರನ್ನು ಕಂಡರೆ ನನಗೆ ವಿಶ್ವಾಸ ಜಾಸ್ತಿ.

ಎಲ್ಲಿ ಹುಡುಕುವುದು ಅನ್ನುವುದು ಎಲ್ಲರ ಮೊದಲ ಪ್ರಶ್ನೆ, ನನ್ನ ಪಟ್ಟಿಯಲ್ಲಿ ಅದು ಎರಡನೆಯದು. ಯೂರಾಕ್ಸೆಸ್, ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ, ಎಚ್-ನೆಟ್ ಈ ಉದ್ಯೋಗ ಜಾಹೀರಾತಿನ ಜಾಲತಾಣಗಳಲ್ಲಿ ಅಲರ್ಟ್ ಹಾಕಿಟ್ಟುಕೊಳ್ಳಿ, ಮುಗಿಯಿತು. ದಿನಾ ಅವನ್ನೇ ರಿಫ್ರೆಶ್ ಮಾಡುತ್ತಾ ಕೂರಬೇಡಿ. ಜಾಹೀರಾತು ಬರುವ ಮೊದಲೇ ಹಣ ಎಲ್ಲಿಗೆ ಬಂದಿದೆ ಅಂತ ನೋಡುವುದು ಜಾಣತನ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಪ್ರತಿ ವರ್ಷ ಯಾರಿಗೆ ಯಾವ ಯೋಜನೆಗೆ ಅನುದಾನ ಸಿಕ್ಕಿತು ಅಂತ ಪಟ್ಟಿ ಹೊರಡಿಸುತ್ತದೆ. ಹೊಸಬರಿಗೆ ಕೊಡುವ ಸ್ಟಾರ್ಟಿಂಗ್ ಗ್ರ್ಯಾಂಟೇ 15 ಲಕ್ಷ ಯೂರೋವರೆಗೆ, ಐದು ವರ್ಷದ ಅವಧಿಗೆ. ಅಷ್ಟು ಹಣ ಬಂದವರು ಒಬ್ಬರೇ ಕೂತು ಕೆಲಸ ಮಾಡುವುದಿಲ್ಲ, ಪೋಸ್ಟ್‌ಡಾಕ್‌ಗಳನ್ನು ತೆಗೆದುಕೊಳ್ಳುತ್ತಾರೆ. ಪಟ್ಟಿ ಬಂದ ಮೇಲೆ ಜಾಹೀರಾತು ಹೊರಬೀಳಲು ತಿಂಗಳುಗಳು ಹಿಡಿಯುತ್ತವೆ. ಆ ನಡುವೆ ಯುರೋಪಿಯನ್ ಒಕ್ಕೂಟದ ಕಾರ್ಡಿಸ್ ಜಾಲತಾಣದಲ್ಲಿ ಯೋಜನೆಯ ಸಾರಾಂಶ ಓದಿ, ನಿಮ್ಮ ಕೈಯಲ್ಲಿರುವ ಕಸುಬು ಅಲ್ಲಿ ಯಾವ ತುಂಡಿಗೆ ಹೊಂದುತ್ತದೆ ಅಂತ ನೋಡಿಟ್ಟುಕೊಂಡವರು ಒಂದು ಹೆಜ್ಜೆ ಮುಂದಿರುತ್ತಾರೆ. ಸಸ್ಯ ಅವಶೇಷ, ಪ್ರಾಣಿ ಮೂಳೆ, ಮಡಕೆಗೆ ಅಂಟಿದ ಕೊಬ್ಬಿನ ಅಂಶ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ವಿಶ್ಲೇಷಣೆ) ಇಂಥದ್ದೊಂದು ಕಸುಬು ಗಟ್ಟಿಯಾಗಿ ಗೊತ್ತಿದ್ದರೆ ನಿಮ್ಮ ಥೀಸಿಸ್ ಯಾವ ಪ್ರದೇಶದ್ದು ಅನ್ನುವುದನ್ನು ಬಹಳ ಜನ ಕೇಳುವುದಿಲ್ಲ.

ನಿಮ್ಮದೇ ಪ್ರಶ್ನೆ ಇಟ್ಟುಕೊಂಡು ಹೋಗುವ ಫೆಲೋಶಿಪ್‌ಗಳದ್ದು ಬೇರೆ ದಾರಿ. ಇಲ್ಲಿ ಎಲ್ಲವೂ ಪಿಎಚ್‌ಡಿಯ ತಾರೀಖಿನಿಂದ ಎಣಿಕೆ. ಜರ್ಮನಿಯ ಹಂಬೋಲ್ಟ್ ಫೌಂಡೇಶನ್ ಪೋಸ್ಟ್‌ಡಾಕ್ ವಿಭಾಗದಲ್ಲಿ ಪಿಎಚ್‌ಡಿಯಾಗಿ ನಾಲ್ಕು ವರ್ಷದೊಳಗಿನವರನ್ನು ತೆಗೆದುಕೊಳ್ಳುತ್ತದೆ, 6ರಿಂದ 24 ತಿಂಗಳಿಗೆ. ಜಪಾನಿನ ಸಂಶೋಧನಾ ಅನುದಾನ ಸಂಸ್ಥೆ ಜೆಎಸ್‌ಪಿಎಸ್‌ನಲ್ಲಿ ಆರು ವರ್ಷ, ಅಲ್ಲಿ ಅರ್ಜಿಯನ್ನು ಹೋಸ್ಟ್ ಪ್ರೊಫೆಸರೇ, ಅಂದರೆ ನಿಮ್ಮನ್ನು ತಮ್ಮಲ್ಲಿ ಸೇರಿಸಿಕೊಳ್ಳುವವರೇ, ಸಲ್ಲಿಸಬೇಕು. ಜರ್ಮನಿಯದ್ದೇ ಗೆರ್ಡಾ ಹೆಂಕೆಲ್ ಫೌಂಡೇಶನ್‌ಗೆ ಪುರಾತತ್ವ, ಇತಿಹಾಸ ಅಂದರೆ ಪ್ರೀತಿ. ವೆನ್ನರ್-ಗ್ರೆನ್ ಫೌಂಡೇಶನ್‌ನ ಪೋಸ್ಟ್-ಪಿಎಚ್‌ಡಿ ಗ್ರ್ಯಾಂಟ್ ಯಾವ ದೇಶದವರಾದರೂ ಹಾಕಬಹುದು, ಆದರೆ ಅದು ಸಂಶೋಧನೆಯ ಖರ್ಚಿಗೆ, ನಿಮ್ಮ ಸಂಬಳಕ್ಕಲ್ಲ. ಇದನ್ನು ನೋಡದೆ ಹಾಕುವವರು ಬಹಳ.

ಎಲ್ಲರ ಬಾಯಲ್ಲೂ ಇರುವ ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್, ಅಂದರೆ ಎಂಎಸ್‌ಸಿಎ, ಪಿಎಚ್‌ಡಿಯಾದ ಮೇಲೆ ಎಂಟು ವರ್ಷದ ಕಿಟಕಿ ಕೊಡುತ್ತದೆ. ಮಗು ಹೆತ್ತು, ಕಾಯಿಲೆ ಬಿದ್ದು, ಸಂಶೋಧನೆ ಬಿಟ್ಟು ಬೇರೆ ಕೆಲಸ ಮಾಡಿ ಕಳೆದ ಕಾಲ ಅದರಲ್ಲಿ ಲೆಕ್ಕಕ್ಕಿಲ್ಲ, ಹಾಗಾಗಿ ತಡವಾಯಿತು ಅಂತ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಹೋಗಬೇಕಾದ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು ಅನ್ನುವ ನಿಯಮ ಮಾತ್ರ ಕಟ್ಟುನಿಟ್ಟು. ಮುಖ್ಯ ಭಾಗಕ್ಕೆ ಹತ್ತೇ ಪುಟ. ಅಂಕದಲ್ಲಿ 50 ಭಾಗ ಸಂಶೋಧನೆಯ ಗುಣಕ್ಕೆ, 30 ಪರಿಣಾಮಕ್ಕೆ, 20 ಅನುಷ್ಠಾನಕ್ಕೆ. ಕೊನೆಯ ಎರಡನ್ನು ನಮ್ಮವರು ರಾತ್ರಿ ಹನ್ನೊಂದಕ್ಕೆ ಕೂತು ತುಂಬಿಸುತ್ತಾರೆ, ಅರ್ಧ ಅಂಕ ಅಲ್ಲೇ ಇದೆ ಅನ್ನುವುದನ್ನೇ ಮರೆತು. ಪೈಪೋಟಿ ಹೇಗಿದೆ ಅಂದರೆ, 2024ರಲ್ಲಿ ಎಲ್ಲ ವಿಷಯ ಸೇರಿ 10,360 ಅರ್ಜಿ ಬಂದು 1,696 ಜನರಿಗೆ ಸಿಕ್ಕಿತು. 2025ರಲ್ಲಿ ಅರ್ಜಿಗಳೇ 17,058. ಅದೊಂದನ್ನೇ ನಂಬಿ ವರ್ಷ ಕಾಯುವುದು ಹುಚ್ಚುತನ.

ಎಂಎಸ್‌ಸಿಎ ಅರ್ಜಿಯಲ್ಲೊಂದು ಸಣ್ಣ ಕಿತಾಪತಿ ಇದೆ. ಯಾವ ಪ್ಯಾನೆಲ್ ನಿಮ್ಮ ಅರ್ಜಿ ಓದಬೇಕು ಅಂತ ನೀವೇ ಆರಿಸಬೇಕು. ಪುರಾತತ್ವ ಅಂದ ಕೂಡಲೇ ಸಮಾಜ ವಿಜ್ಞಾನ-ಮಾನವಿಕದ ಪ್ಯಾನೆಲ್ಲಿಗೆ ಟಿಕ್ ಹಾಕುತ್ತೇವೆ. ಕೆಲಸ ಪೂರ್ತಿ ಕೆರೆಯ ಕೆಸರಿನ ಪರಾಗ ಎಣಿಸುವುದಾದರೆ ಪರಿಸರದ ಪ್ಯಾನೆಲ್ ಅದನ್ನು ಹೆಚ್ಚು ಚೆನ್ನಾಗಿ ಓದಬಹುದು. ಹೋಸ್ಟ್ ಜೊತೆ ಮೊದಲೇ ಮಾತಾಡಿ ತೀರ್ಮಾನಿಸಿ, ಆ ಪ್ಯಾನೆಲ್ಲಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ.

ಹೋಸ್ಟ್ ವಿಷಯ ಬಂತಲ್ಲ. ‘ಗೌರವಾನ್ವಿತ ಪ್ರೊಫೆಸರ್, ತಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವ ಆಸೆ ಇದೆ, ಸಿವಿ ಲಗತ್ತಿಸಿದ್ದೇನೆ’ ಅನ್ನುವ ಮೇಲ್ ನೇರ ಕಸದ ಬುಟ್ಟಿಗೆ. ಐದಾರು ಸಾಲು ಸಾಕು: ಅವರ ಇಂಥ ಪೇಪರಿನ ಇಂಥ ವಾದ, ಅದನ್ನು ಪರೀಕ್ಷಿಸಲು ನಿಮ್ಮ ಬಳಿ ಇರುವ ಸಾಮಗ್ರಿ, ಅದನ್ನು ಬಳಸಲು ಅನುಮತಿ ಸಿಕ್ಕಿದೆಯೇ, ಯಾವ ಫೆಲೋಶಿಪ್ಪಿಗೆ ಹಾಕುತ್ತೀರಿ, ಒಂದು ಪುಟದ ಸಾರಾಂಶ ಕಳಿಸಲೇ? ಅನುಮತಿಯ ಆ ಒಂದು ಸಾಲಿಗೆ ಬರುವ ಉತ್ತರವೇ ಬೇರೆ. ಮೂಳೆ ಕೊರೆಯಲು, ಹಲ್ಲಿನ ಪುಡಿ ತೆಗೆಯಲು ಮ್ಯೂಸಿಯಂ ಒಪ್ಪಿ ಬರೆದ ಪತ್ರ ಕೈಯಲ್ಲಿದ್ದರೆ, ಅದು ಯಾವ ದೊಡ್ಡವರ ಶಿಫಾರಸಿಗಿಂತಲೂ ಬೆಲೆಬಾಳುತ್ತದೆ. ಆ ಪತ್ರಕ್ಕಾಗಿಯೇ ಅರ್ಜಿಯ ಮೊದಲು ಅರ್ಧ ವರ್ಷ ಓಡಾಡಿ, ನಷ್ಟವಿಲ್ಲ.

ಈಗ ಗಡುವಿನ ಮಾತು. ಪ್ರಕಟಣೆಯಲ್ಲಿ ಕಾಣುವ ತಾರೀಖನ್ನು ನಂಬಬೇಡಿ. ಬ್ರಿಟನ್ನಿನ ಲೆವರ್‌ಹ್ಯೂಮ್ ಅರ್ಲಿ ಕೆರಿಯರ್ ಫೆಲೋಶಿಪ್‌ನಲ್ಲಿ ಸಂಬಳದ ಅರ್ಧ ಟ್ರಸ್ಟ್ ಕೊಟ್ಟರೆ ಉಳಿದರ್ಧ ವಿಶ್ವವಿದ್ಯಾಲಯದ್ದು. ಸ್ವಂತ ಹಣ ಹಾಕಬೇಕಾದ್ದರಿಂದ ವಿಶ್ವವಿದ್ಯಾಲಯಗಳು ಮೊದಲು ತಮ್ಮೊಳಗೇ ಜರಡಿ ಹಿಡಿಯುತ್ತವೆ. ಟ್ರಸ್ಟಿನ ಗಡುವು ಫೆಬ್ರವರಿಯ ಸುಮಾರಿಗೆ ಇದ್ದರೆ ವಿಭಾಗಗಳ ಒಳಗಡುವು ಅದಕ್ಕೂ ತಿಂಗಳುಗಳ ಮೊದಲೇ ದಾಟಿರುತ್ತದೆ. ಜನವರಿಯಲ್ಲಿ ಮೇಲ್ ಬರೆದವರಿಗೆ ಬರುವುದು ವಿಷಾದದ ಉತ್ತರ. ಎಂಎಸ್‌ಸಿಎ ಗಡುವು ಸೆಪ್ಟೆಂಬರಿನಲ್ಲಿ. ಯುರೋಪಿನ ಪುರಾತತ್ವಜ್ಞರ ದೊಡ್ಡ ವಾರ್ಷಿಕ ಸಮ್ಮೇಳನ ನಡೆಯುವುದೂ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ಭಾಗದಲ್ಲಿ. ಅಲ್ಲಿ ಹೋಗಿ ಹೋಸ್ಟ್ ಹುಡುಕುತ್ತೇನೆ ಅಂದರೆ ಅದು ಮುಂದಿನ ವರ್ಷದ ಅರ್ಜಿಗಾಯಿತು. ಶಿಫಾರಸು ಪತ್ರ ಬರೆಯುವವರಿಗೂ ಕನಿಷ್ಠ ಒಂದು ತಿಂಗಳು ಮೊದಲು ಪ್ರೊಪೋಸಲ್ ಕೊಡಿ. ಇಲ್ಲವಾದರೆ ‘ಪರಿಶ್ರಮಿ, ವಿನಯವಂತ’ ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ.

ಹಣದ ಬಗ್ಗೆ ಕೇಳಲು ನಾಚಿಕೆ ಬೇಡ. ಎಂಎಸ್‌ಸಿಎಯಲ್ಲಿ ನೀವು ಸಂಸ್ಥೆಯ ನೌಕರರು, ಕಾಂಟ್ರ್ಯಾಕ್ಟ್ ಇರುತ್ತದೆ, ಸಾಮಾಜಿಕ ಭದ್ರತೆ ಇರುತ್ತದೆ. ಹಂಬೋಲ್ಟ್ ಕೊಡುವುದು ಸ್ಟೈಪೆಂಡ್, ಅದು ನೌಕರಿಯಲ್ಲ. ತಿಂಗಳ ಮೊತ್ತ ಮಾತ್ರ ಹೋಲಿಸಿ ಯಾವುದು ಒಳ್ಳೆಯದು ಅಂತ ನಿರ್ಧರಿಸಿದರೆ ಲೆಕ್ಕ ತಪ್ಪುತ್ತದೆ. ಸಂಸಾರ ಕಟ್ಟಿಕೊಂಡು ಹೋಗುವವರು ಇದನ್ನೇ ಮೊದಲು ಓದಬೇಕು.

ಇಷ್ಟೆಲ್ಲ ಮಾಡಿಯೂ ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚು, ಮೇಲಿನ ಅಂಕಿ ನೋಡಿದರೆ ಗೊತ್ತಾಗುತ್ತದೆ. ಕೆಲವು ಕಡೆ ಕಾರಣ ಅಂತ ಒಂದು ಸಾಲೂ ಬರುವುದಿಲ್ಲ. ಎಂಎಸ್‌ಸಿಎ ಮಾತ್ರ ವಿಭಾಗವಾರು ಮೌಲ್ಯಮಾಪನ ವರದಿ ಕಳಿಸುತ್ತದೆ. ಅದನ್ನು ಬಂದ ದಿನವೇ ಓದಬೇಡಿ, ಓದಿದರೂ ಉತ್ತರ ಬರೆಯಬೇಡಿ. ಒಂದು ವಾರ ಬಿಟ್ಟು ಹೋಸ್ಟ್ ಜೊತೆ ಕೂತು ದೌರ್ಬಲ್ಯಗಳ ಪಟ್ಟಿಯನ್ನಷ್ಟೇ ನೋಡಿ. ‘ವೇಳಾಪಟ್ಟಿ ಸಾಕಷ್ಟು ವಿವರವಾಗಿಲ್ಲ’ ಅಂತಿದ್ದರೆ ಅದು ರಿಪೇರಿಯಾಗುವ ಮಾತು. ‘ಪ್ರಶ್ನೆಯ ಹೊಸತನ ಮನವರಿಕೆಯಾಗಲಿಲ್ಲ’ ಅಂತಿದ್ದರೆ ವಾಕ್ಯ ತಿದ್ದಿ ಪ್ರಯೋಜನವಿಲ್ಲ, ಗೋದಾಮಿಗೆ ಹೋಗಿ ಬೇರೆ ಪೆಟ್ಟಿಗೆ ತೆರೆಯಬೇಕು. ಇನ್ನೊಂದು ವಿಷಯ: ಎಂಎಸ್‌ಸಿಎಯಲ್ಲಿ ಒಂದು ಮಟ್ಟಕ್ಕಿಂತ ಕಡಿಮೆ ಅಂಕ ಬಂದವರು ಅದೇ ಸಂಸ್ಥೆಯ ಜೊತೆ ಮರುವರ್ಷವೇ ಮತ್ತೆ ಹಾಕುವಂತಿಲ್ಲ. ಆದ್ದರಿಂದ ‘ಸುಮ್ಮನೆ ಒಂದು ಕೈ ನೋಡೋಣ’ ಅಂತ ಅರೆಬೆಂದ ಅರ್ಜಿ ಹಾಕುವ ಮುಂಚೆ, ಇಷ್ಟಪಟ್ಟು ಹುಡುಕಿದ ಹೋಸ್ಟನ್ನು ಒಂದು ವರ್ಷ ಕಳೆದುಕೊಳ್ಳಲು ತಯಾರಿದ್ದೀರಾ ಅಂತ ಯೋಚಿಸಿ. ಕರಡು ಕಳಿಸುವವರು ಈಗಲೂ ಕಳಿಸಬಹುದು, ಗಡುವಿಗೆ ಎರಡು ದಿನ ಇರುವಾಗ ಮಾತ್ರ ಬೇಡ.