ಟೆಂಪ್ಲರ್‌ಗಳ ತಪ್ಪು ಸಾಬೀತಾಗಿರಲಿಲ್ಲ

ಧರ್ಮದ್ರೋಹ ಸಾಬೀತಾದ್ದರಿಂದಲೇ ಪೋಪ್ ಟೆಂಪ್ಲರ್ ಸಂಘವನ್ನು, ಅಂದರೆ ಮಧ್ಯಯುಗದ ಕ್ರೈಸ್ತ ಯೋಧ-ಸನ್ಯಾಸಿಗಳ ಸಂಘವನ್ನು, ವಿಸರ್ಜಿಸಿದರು ಎಂಬ ನಿಮ್ಮ ಲೇಖನದ ಮಾತು ಸರಿಯಲ್ಲ. 1312ರಲ್ಲಿ ಪೋಪ್ ಐದನೇ ಕ್ಲೆಮೆಂಟ್ ಅದನ್ನು ರದ್ದು ಮಾಡಿದ್ದು ತಮ್ಮ ಅಧಿಕಾರ ಬಳಸಿ. ಸಂಘ ತಪ್ಪಿತಸ್ಥ ಎಂಬ ತೀರ್ಪು ಬರಲೇ ಇಲ್ಲ. ಇನ್ನು ಲೇಖನ ಸಾಕ್ಷ್ಯವೆಂದು ತೋರಿಸುವ ಟೆಂಪ್ಲರ್‌ಗಳ ತಪ್ಪೊಪ್ಪಿಗೆಗಳು! ಫ್ರಾನ್ಸ್ ದೊರೆ ನಾಲ್ಕನೇ ಫಿಲಿಪ್‌ನ ಸೆರೆಯಲ್ಲಿ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಿದ ಮಾತುಗಳನ್ನು ಸಾಕ್ಷ್ಯ ಎನ್ನಲು ಹೇಗೆ ಮನಸ್ಸು ಬರುತ್ತದೆ? 1310ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ 54 ಮಂದಿ ಟೆಂಪ್ಲರ್‌ಗಳನ್ನು ಜೀವಂತ ಸುಟ್ಟರಲ್ಲ, ಅದು ಆ ಹೇಳಿಕೆಗಳನ್ನು ಹಿಂತೆಗೆದುಕೊಂಡಿದ್ದಕ್ಕೆ. ‘ಸಂಘ ನಾಮಾವಶೇಷವಾಯಿತು’ ಎಂದಿದ್ದೀರಿ, ಅದೂ ಪೂರ್ತಿ ನಿಜವಲ್ಲ. ಪೋರ್ಚುಗಲ್‌ನಲ್ಲಿ ದೊರೆ ದಿನಿಸ್ ಟೆಂಪ್ಲರ್‌ಗಳ ಆಸ್ತಿಯನ್ನೇ ವಹಿಸಿಕೊಟ್ಟು 1319ರಲ್ಲಿ ‘ಆರ್ಡರ್ ಆಫ್ ಕ್ರೈಸ್ಟ್’ ಎಂಬ ಹೊಸ ಸಂಘ ಕಟ್ಟಿಸಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ತಂದದ್ದು ಆ ಸಂಘದ ಶಿಲುಬೆಯನ್ನೇ. ನಮ್ಮ ಕರಾವಳಿಗೂ ತಾಗುವ ಈ ಭಾಗವನ್ನು ಬಿಡಬಾರದಿತ್ತು.