ಭರಣಿಯ ಪಕ್ಕದ ಬೂತಾಯಿ

ನಮ್ಮ ಮನೆಯಲ್ಲಿ ಒಂದೇ ಮೀನಿಗೆ ಮೂರು ಹೆಸರು. ಅಪ್ಪ ಉಡುಪಿಯ ಕಡೆಯವರು, ಅವರಿಗೆ ಅದು ಬೂತಾಯಿ. ಅಮ್ಮ ಕುಂದಾಪುರದವಳು, ಅವಳಿಗೆ ಬೈಗೆ. ಕಾರವಾರದಿಂದ ಬಂದ ಅತ್ತಿಗೆ ತಾರ್ಲೆ ಎನ್ನುತ್ತಾಳೆ. ಇಂಗ್ಲಿಷಿನವರ ಸಾರ್ಡೀನ್ ಇದೇ. ಹೆಸರಿಗಾಗಿ ನಮ್ಮಲ್ಲಿ ಎಂದೂ ಜಗಳವಾಗಿಲ್ಲ; ಆದ ಜಗಳವೆಲ್ಲ ಮೊಟ್ಟೆಯಿರುವ ಮೀನು ಯಾರ ತಟ್ಟೆಗೆ ಬಿತ್ತು ಎಂಬುದಕ್ಕೆ. ದೊಡ್ಡವರ ಲೋಕದಲ್ಲಿ ಹಾಗಲ್ಲ. ತಮ್ಮ ಕಡಲಿನ ಸಾರ್ಡೀನನ್ನು ಬಿಟ್ಟು ಬೇರೆ ಯಾವ ಮೀನಿನ ಡಬ್ಬಿಯ ಮೇಲೂ ಬರಿದೇ ಸಾರ್ಡೀನ್ ಎಂದು ಬರೆಯಕೂಡದು ಎಂದು ಯುರೋಪಿನವರು ಹಟ ಹಿಡಿದಿದ್ದರು. ನಮ್ಮ ಮೀನೂ ಅದೇ ಕುಲದ್ದು ಎಂದು ಪೆರು ದೇಶದವರು ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲು ಹತ್ತಿ, 2002ರಲ್ಲಿ ಗೆದ್ದೂ ಬಂದರು. ಅಮ್ಮನಿಗೆ ಈ ಕತೆ ಹೇಳಿದಾಗ, 'ಮೀನ್ ತಿಂಬುದ್ ಬಿಟ್ಟ್ ಕೋರ್ಟಿಗ್ ಹೋದ್ರಾ?' ಎಂದಷ್ಟೇ ಕೇಳಿದಳು.

ಡಬ್ಬಿಯ ಬೂತಾಯಿಯನ್ನು ನಾನು ಮೊದಲು ಕಂಡದ್ದು ಫ್ರಾನ್ಸಿನ ನಾಂಟ್ ಊರಿನಲ್ಲಿ. ಕೆಲಸದ ಮೇಲೆ ಎರಡು ವರ್ಷಕ್ಕೆಂದು ಹೋಗಿದ್ದೆ. ಮೊದಲ ಶನಿವಾರ ಅಕ್ಕಿ ಹುಡುಕುತ್ತಾ ಅಂಗಡಿ ಹೊಕ್ಕವನು ಸಾರ್ಡೀನ್ ಡಬ್ಬಿಗಳ ಎದುರು ನಿಂತುಬಿಟ್ಟೆ. ಆಲಿವ್ ಎಣ್ಣೆಯಲ್ಲಿ, ನಿಂಬೆಯೊಂದಿಗೆ, ಟೊಮೇಟೊದಲ್ಲಿ, ಮೆಣಸು ಹಾಕಿ, ಮುಳ್ಳು ತೆಗೆದು, ಮುಳ್ಳು ಬಿಟ್ಟು. ಡಬ್ಬಿಯ ಮೇಲಿನ ಚಿತ್ರಗಳೋ ನಮ್ಮೂರಿನ ಮದುವೆ ಕರೆಯೋಲೆಗಿಂತ ಚಂದ. ಬೂತಾಯಿಗೆ ಇಷ್ಟು ಮರ್ಯಾದೆಯೇ! ನಮ್ಮಲ್ಲಿ ಅದು ಬಡವರ ಮೀನು. ಅಂಜಲ್ ತಂದವನು ಚೀಲದ ಬಾಯಿ ತೆರೆದು ತೋರಿಸುತ್ತಾ ನಡೆಯುತ್ತಾನೆ, ಬೂತಾಯಿ ತಂದವನು ಕಟ್ಟಿಕೊಂಡು ನಡೆಯುತ್ತಾನೆ.

ಆರು ಡಬ್ಬಿ ತಂದೆ. ಊರಿನಿಂದ ಹೊತ್ತು ತಂದಿದ್ದ ಮಸಾಲೆ ಪುಡಿ ಇತ್ತು, ಹುಣಿಸೆಹಣ್ಣಿತ್ತು, ತೆಂಗಿನಹಾಲು ಅಲ್ಲೇ ಸಿಕ್ಕಿತು. ಸಾರು ಕುದಿಸಿ, ಊರಿನಲ್ಲಿ ಮಾಡುವಂತೆ ಮೀನು ಬಿಟ್ಟು, ಮುಚ್ಚಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿಟ್ಟೆ. ಮುಚ್ಚಳ ತೆಗೆದರೆ ಮೀನೇ ಇಲ್ಲ. ಸೌಟಿನಲ್ಲಿ ತಡಕಿದೆ, ಕೆಸರುಗದ್ದೆಯಲ್ಲಿ ಕಾಲುಂಗುರ ಹುಡುಕಿದ ಹಾಗಾಯಿತು. ಡಬ್ಬಿಗೆ ಬರುವ ಹೊತ್ತಿಗೇ ಆ ಮೀನು ಎರಡು ಸಲ ಬೆಂದಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬ್ರಿಟನಿ ಎಂಬ ಫ್ರಾನ್ಸಿನ ಕಡಲ ಪ್ರಾಂತ್ಯದ ಹಳೇ ಕ್ರಮದಲ್ಲಿ ತಲೆ ತೆಗೆದು, ಉಪ್ಪುನೀರಿನಲ್ಲಿ ನೆನೆಸಿ, ಒಣಗಿಸಿ, ಎಣ್ಣೆಯಲ್ಲಿ ಕರಿದು, ಆಮೇಲೆ ಡಬ್ಬಿಯಲ್ಲಿ ಜೋಡಿಸಿ, ಮೇಲೆ ಹೊಸ ಎಣ್ಣೆ ಸುರಿದು, ಮುಚ್ಚಳ ಬಿಗಿದು, ಡಬ್ಬಿಸಮೇತ ಮತ್ತೆ ಬೇಯಿಸುತ್ತಾರೆ. ಆ ಎರಡನೆಯ ಬೇಯುವಿಕೆಯಲ್ಲೇ ಮುಳ್ಳು ಮೆತ್ತಗಾಗಿ ಬಾಳೆಹಣ್ಣಿನಂತೆ ತಿನ್ನಲು ಬರುವುದು. ಅಂಥದ್ದನ್ನು ನಾನು ಮೂರನೆಯ ಸಲ ಬೇಯಿಸಿ ಪಾಯಸ ಮಾಡಿದ್ದೆ.

ವೀಡಿಯೋ ಕರೆಯಲ್ಲಿ ಅಮ್ಮನಿಗೆ ಡಬ್ಬಿ ತೋರಿಸಿದೆ.

'ಎಷ್ಟ್ ದಿನದ್ ಮೀನಾ ಅದ್?'

ತಿರುಗಿಸಿ ನೋಡಿ, 'ಎರಡು ವರ್ಷದ್ದು' ಎಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳು ಮೀನು ಕೊಳ್ಳುವಾಗ ಕಿವಿರು ಎತ್ತಿ ಒಳಗಿನ ಕೆಂಪು ನೋಡುವವಳು, ಹೊಟ್ಟೆ ಒತ್ತಿ ನೋಡುವವಳು, ಬೆಳಗಿನ ಬೈಗೆಯನ್ನು ಸಂಜೆ ಕೊಳ್ಳದವಳು. ಕೊನೆಗೆ, 'ಅಲ್ಲಿ ಕಡ್ಲ್ ಇಲ್ಲ್ಯಾ ಮಗಾ?' ಎಂದಳು. ಕಡಲೇನೋ ಐವತ್ತು ಅರುವತ್ತು ಕಿಲೋಮೀಟರಿನಲ್ಲೇ ಇತ್ತು. ಅಮ್ಮನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಅಜ್ಜಿಯಿಂದ. ಒಂದು ಭಾನುವಾರ ಅವರ ಮನೆಯ ಎತ್ತರದ ಕಪಾಟಿನ ಬಾಗಿಲು ಸಿಕ್ಕಿಕೊಂಡಿದೆಯೆಂದು ಕರೆದರು. ಬಾಗಿಲು ತೆರೆದುಕೊಟ್ಟೆ. ಒಳಗೆ ಸಾಲಾಗಿ ಸಾರ್ಡೀನ್ ಡಬ್ಬಿಗಳು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಖು. ಅಜ್ಜಿ ಒಂದೊಂದೇ ಡಬ್ಬಿ ಕೆಳಗಿಳಿಸಿ, ಮಗುಚಿ, ಹೊಸ ತಾರೀಖು ಬರೆದು ನನ್ನ ಕೈಗೆ ಕೊಟ್ಟರು, ನಾನು ಮೇಲಿಟ್ಟೆ. ಆರು ತಿಂಗಳಿಗೊಮ್ಮೆ ಹೀಗೆ ಮಗುಚಬೇಕಂತೆ. ಇಲ್ಲದಿದ್ದರೆ ಎಣ್ಣೆ ಒಂದೇ ಮಗ್ಗುಲಿಗೆ ಇಳಿದು ಇನ್ನೊಂದು ಮಗ್ಗುಲು ಒಣಗುತ್ತದಂತೆ. ಹೀಗೆ ಸಾಕಿದ ಮೀನು ನಾಲ್ಕೈದು ವರ್ಷಕ್ಕೆ ಹದಕ್ಕೆ ಬರುತ್ತದೆ ಎಂದರು. ಅಲ್ಲಿಯವರು ವೈನಿಗೆ ಹೇಳುವಂತೆ ಸಾರ್ಡೀನಿಗೂ ಇಸವಿ ಹೇಳುತ್ತಾರೆ. ಕೆಲವು ಡಬ್ಬಿಗಳ ಮೇಲೆ ಮೀನು ಹಿಡಿದ ವರ್ಷವನ್ನೇ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ.

ಆ ಕಪಾಟಿನ ಮುಂದೆ ನಿಂತಾಗ ನೆನಪಾದದ್ದು ನಮ್ಮ ಅಡುಗೆಮನೆಯ ಅಟ್ಟದ ಕೆಳಗಿನ ಕತ್ತಲೆ ಮೂಲೆ. ಅಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿಗಳು. ಅಮ್ಮ ಅವುಗಳ ಬಟ್ಟೆ ಬಿಚ್ಚುತ್ತಾಳೆ, ಒಣಗಿದ ಮರದ ಸೌಟಿನಲ್ಲಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಾಳೆ, ಮತ್ತೆ ಕಟ್ಟುತ್ತಾಳೆ. ಒದ್ದೆ ಕೈಯಲ್ಲಿ ಮುಟ್ಟಿದವರ ಗತಿ ಕೇಳಬೇಡಿ. ಮಾವಿನಮಿಡಿ ತಿನ್ನುವಾಗ ಇದು ಮಾವಿನಹಣ್ಣಿನಂತಿಲ್ಲ ಎಂದು ಯಾರಾದರೂ ದೂರುತ್ತಾರೆಯೇ? ನಾನು ಮಾಡಿದ್ದು ಅದೇ. ಡಬ್ಬಿಯ ಬೂತಾಯಿಯನ್ನು ಮೀನಿನ ಬುಟ್ಟಿಗೆ ಹಾಕಿ ತೂಗಿದ್ದೆ. ಅದರ ಜಾಗ ಭರಣಿಯ ಪಕ್ಕ.

ನಾಂಟ್ ಊರಿಗೂ ಡಬ್ಬಿಗೂ ಹಳೆಯ ನಂಟು. ನಿಕೊಲಾ ಅಪೇರ್ ಎಂಬ ಮಿಠಾಯಿ ಮಾಡುವವನು ಅಡುಗೆಯನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಕೆಡದಂತೆ ಉಳಿಸುವುದನ್ನು ಕಂಡುಕೊಂಡ. 1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ಯಾಕೆ ಕೆಡುವುದಿಲ್ಲ ಎಂಬುದು ಅವನಿಗೂ ತಿಳಿದಿರಲಿಲ್ಲ. ಅದನ್ನು ಹೇಳಲು ಪಾಸ್ಚರ್ ಬರಬೇಕಾಯಿತು, ಅಮ್ಮನಿಗೂ ಪಾಸ್ಚರನಿಗೂ ಎಷ್ಟು ಪರಿಚಯವೋ ಅಪೇರನಿಗೂ ಅಷ್ಟೇ. 1820ರ ದಶಕದಲ್ಲಿ ನಾಂಟಿನ ಜೋಸೆಫ್ ಕೊಲಾಂ ಎಂಬವನು ಇದೇ ಉಪಾಯವನ್ನು ತಗಡಿನ ಡಬ್ಬಿಗೂ ಸಾರ್ಡೀನಿಗೂ ಹಚ್ಚಿ ವ್ಯಾಪಾರಕ್ಕಿಳಿದ. ತಮಾಷೆಯೆಂದರೆ, ಡಬ್ಬಿ ಹುಟ್ಟಿ ನಲವತ್ತು ವರ್ಷಕ್ಕೂ ಮೇಲಾದ ನಂತರ ಅದನ್ನು ತೆರೆಯುವ ಸಾಧನ ಬಂತು. ಅಲ್ಲಿಯವರೆಗೆ ಉಳಿ ಸುತ್ತಿಗೆಯೇ ಗತಿ. ಈಗ ಉಂಗುರಕ್ಕೆ ಬೆರಳು ಕೊಟ್ಟು ಎಳೆದರೆ ಸಾಕು, ಕೊನೆಯ ಎಳೆತಕ್ಕೆ ಎಣ್ಣೆ ಚಿಮ್ಮಿ ಆಫೀಸಿನ ಅಂಗಿಗೆ ಬೀಳುತ್ತದೆ. ಉಳಿ ಸುತ್ತಿಗೆಯ ಕಾಲದಲ್ಲಿ ಅಂಗಿಯಾದರೂ ಉಳಿಯುತ್ತಿತ್ತೇನೋ.

ಒಮ್ಮೆ ರಜೆಯಲ್ಲಿ ಬ್ರಿಟನಿಯ ದುವರ್ನೆನೇ ಎಂಬ ಬಂದರಿಗೆ ಹೋಗಿದ್ದೆ. ಡಬ್ಬಿ ಕಾರ್ಖಾನೆಗಳ ಊರು. ದೋಣಿ ಬಂದ ಹೊತ್ತಿಗೆ, ನಡುರಾತ್ರಿಯಾದರೂ ಸರಿ, ಹೆಂಗಸರು ಕೆಲಸಕ್ಕೆ ಓಡಬೇಕಿತ್ತು. ಮೀನು ಮುಗಿಯುವವರೆಗೆ ಬಿಡುವಿಲ್ಲ, ನಿದ್ದೆ ಬಾರದಿರಲೆಂದು ಹಾಡು. ಅವರನ್ನು ಜನ ಪೆನ್ ಸಾರ್ಡಿನ್ ಎಂದು ಕರೆಯುತ್ತಿದ್ದರು, ಬ್ರಿಟನಿಯ ಭಾಷೆಯಲ್ಲಿ ಸಾರ್ಡೀನಿನ ತಲೆ ಎಂದು ಅರ್ಥ. ಗಂಟೆಗೆ 16 ಸೂ ಕೂಲಿ ಇತ್ತು, ಸೂ ಎಂದರೆ ಆಗಿನ ಅಲ್ಲಿಯ ಚಿಲ್ಲರೆ ಕಾಸು. ಇಪ್ಪತ್ತೈದು ಬೇಕೆಂದು 1924ರ ನವೆಂಬರಿನಲ್ಲಿ ಹೊರಬಿದ್ದವರು ಮರುವರ್ಷದ ಜನವರಿವರೆಗೂ ಒಳಗೆ ಕಾಲಿಡಲಿಲ್ಲ. ಕೇಳಿದ್ದಷ್ಟು ಸಿಗಲಿಲ್ಲ, ಆದರೂ ಕೂಲಿ ಏರಿತು. ಮಲ್ಪೆಯ ದಕ್ಕೆಯಲ್ಲಿ ಹೊತ್ತು ಮೂಡುವ ಮೊದಲೇ ಬುಟ್ಟಿ ಹಿಡಿದು ನಿಲ್ಲುವ ಹೆಂಗಸರನ್ನು, ಅವರ ಬಾಯಿಯನ್ನು, ಬಲ್ಲವನಾದ್ದರಿಂದ ಕಾರ್ಖಾನೆಯ ದಣಿಗಳ ಬಗ್ಗೆ ನನಗೆ ಕೊಂಚ ಕನಿಕರವೂ ಆಯಿತು.

ಇನ್ನು ತಿನ್ನುವ ಮಾತು. ಅಜ್ಜಿಯ ಕ್ರಮದಲ್ಲಿ ಒಲೆಯೇ ಬೇಡ. ಬ್ರೆಡ್ಡನ್ನು ಕಾಯಿಸಿ, ಆ ಪ್ರಾಂತ್ಯದ ಉಪ್ಪು ಬೆಣ್ಣೆಯನ್ನು ಕೈಬಿಚ್ಚಿ ಹಚ್ಚಿ, ಮೇಲೆ ಮೀನು ಮಲಗಿಸಿ, ನಾಲ್ಕು ಹನಿ ನಿಂಬೆರಸ, ಕಾಳುಮೆಣಸು. ಉಳಿದರೆ ಮೀನು, ಬೆಣ್ಣೆ, ನಿಂಬೆರಸ ಮೂರನ್ನೂ ಮುಳ್ಳುಚಮಚದಲ್ಲಿ ಹಿಸುಕಿ ಇಟ್ಟುಕೊಳ್ಳುವುದು. ಸಿಸಿಲಿಯವರು ಸಾರ್ಡೀನಿನ ಪಾಸ್ತಾಕ್ಕೆ ಒಣದ್ರಾಕ್ಷಿ ಹಾಕುತ್ತಾರೆ ಎಂದು ಕೇಳಿ ನಾನೂ ಒಂದು ದಿನ ಹಾಕಿದೆ. ಅದರ ಬಗ್ಗೆ ಅಮ್ಮನಿಗೆ ಇಂದಿಗೂ ಹೇಳಿಲ್ಲ.

ನನ್ನ ಕ್ರಮ ಕೊನೆಗೆ ಒಣಮೀನಿನ ಚಟ್ನಿಯ ದಾರಿ ಹಿಡಿಯಿತು. ಡಬ್ಬಿಯ ಎಣ್ಣೆಯನ್ನು ಚೆಲ್ಲುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ರುಚಿಯೆಲ್ಲ ಇಳಿದಿರುವುದು ಅದರಲ್ಲೇ. ಆ ಎಣ್ಣೆಯನ್ನೇ ಕಾಯಿಸಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಮುರಿದ ಬ್ಯಾಡಗಿ ಮೆಣಸು. ಒಲೆ ಆರಿಸಬೇಕು. ಆಮೇಲೆ ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ತೆಂಗಿನತುರಿ, ಹುಣಿಸೆರಸ. ಎಲ್ಲಕ್ಕಿಂತ ಕೊನೆಗೆ ಮೀನು. ಮೀನನ್ನು ಕಲಸಬಾರದು, ಎರಡು ಸಲ ಮಗುಚಿದರೆ ಆಯಿತು. ಜೊತೆಗೆ ಕುಚ್ಚಲಕ್ಕಿ ಗಂಜಿ. ನಾಂಟಿನಲ್ಲಿ ಕುಚ್ಚಲಕ್ಕಿ ಸಿಗದೆ ಬೆಳ್ತಿಗೆ ಅಕ್ಕಿಯ ಗಂಜಿ ಉಂಡದ್ದೂ ಉಂಟು, ಅದು ಜ್ವರ ಬಂದವರ ಊಟದಂತಿರುತ್ತದೆ. ಅಜ್ಜಿಗೂ ಒಂದು ಬಟ್ಟಲು ಕೊಟ್ಟೆ. ಮೂಗು ಒರೆಸಿಕೊಳ್ಳುತ್ತಾ ಪೂರ್ತಿ ತಿಂದು, ಇಷ್ಟು ಖಾರಕ್ಕೆ ಈ ವರ್ಷದ ಮೀನು ಸಾಕು, ಹಳೆಯದನ್ನು ಇದಕ್ಕೆ ಹಾಳುಮಾಡಬೇಡ ಎಂದರು. ಸರಿಯಾದ ಮಾತು. ಹೊರಟಾಗ ಪೆನ್ಸಿಲಿನ ಗುರುತಿದ್ದ ನಾಲ್ಕು ಡಬ್ಬಿ ಕೊಟ್ಟರು.

ಊರಿಗೆ ಬಂದದ್ದು ಜೂನಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ದಕ್ಕೆಯಲ್ಲಿ ಬಲೆ ಹೆಣೆಯುವವರನ್ನು ಬಿಟ್ಟರೆ ಜನವಿಲ್ಲ. ಬೂತಾಯಿಯೂ ವಿಚಿತ್ರ ಜೀವ. ಒಂದು ವರ್ಷ ರಾಶಿ ರಾಶಿ ಬರುತ್ತದೆ, ಇನ್ನೊಂದು ವರ್ಷ ಮುಖವನ್ನೇ ತೋರಿಸುವುದಿಲ್ಲ. ಬಂದು ಸುರಿದ ವರ್ಷ ಕೊಳ್ಳುವವರಿಲ್ಲದೆ ತೆಂಗಿನ ಬುಡಕ್ಕೆ ಹಾಕುತ್ತಿದ್ದುದನ್ನು, ಹಿಂಡಿದ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಮೂಟೆ ಮೂಟೆ ಹೀಗೆ ತೆಂಗಿಗೆ ಉಣಿಸಿದವರಿಗೆ ನಾಲ್ಕು ಡಬ್ಬಿ ತಂದುಕೊಟ್ಟೆ ನೋಡಿ! ಅಮ್ಮ ಕೇಳದೆಯೇ ಅವನ್ನು ಒಯ್ದು ಭರಣಿಗಳ ಪಕ್ಕ ಇಟ್ಟಳು.

ಜುಲೈಯಲ್ಲಿ, ಮೂರು ದಿನ ಬಿಡದೆ ಮಳೆ ಹೊಯ್ದು, ಮನೆಯಲ್ಲಿ ಒಣಮೀನೂ ಮುಗಿದಾಗ, ಒಂದನ್ನು ಅವಳೇ ತಂದು ನನ್ನೆದುರು ಇಟ್ಟಳು. ತೆರೆದೆ. ಎತ್ತಿ ನೋಡಲು ಕಿವಿರಿಲ್ಲ, ತಲೆಯೇ ಇಲ್ಲ. ಬಗ್ಗಿ ಮೂಸಿದಳು, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದಳು. ಗಂಜಿಗೆ ಅರ್ಧ ಮೀನು ಹಾಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಉಳಿದರ್ಧವನ್ನೂ.

'ಉಪ್ಪ್ ಕಮ್ಮಿ ಆಯ್ತ್' ಎಂದಳು. ಮತ್ತೆ, 'ಆ ಡಬ್ಬಿ ಬಿಸಾಡ್ಬೇಡ. ಸೊಳ್ಳೆಬತ್ತಿ ಇಡುಕೆ ಆತ್ತ್.'